ಕುಂಕುಮ ಕಾಣದ ಗಾಜು

"ಒರೆಸಂಗಿಲ್ಲ. ತೊಳೆಯಂಗಿಲ್ಲ. ನನ್ನ ಕಣ್ಣಿಂದ ಆಚಿಕ್ಕೆ ತಕ್ಕಂಡು ಹೋಗಂಗಿಲ್ಲ. ಮೂರುಕ್ಕೂ ಹೂಂ ಅಂದ್ರೆ ಗಂಟು ಬಿಚ್ತೀನಿ. ಇಲ್ದಿದ್ರೆ ಹನ್ನೊಂದು ಗಂಟೆ ಬಸ್ಸು ಇನ್ನೂ ಹೋಗಿಲ್ಲ."

ಮರದ ಮೆಟ್ಟಿಲು ಹತ್ತಿ ಬಂದ ಏದುಸಿರು ಆರುವ ಮೊದಲೇ ತಿಮ್ಮಕ್ಕಜ್ಜಿ ಷರತ್ತು ಹಾಕಿದಳು. ಬಟ್ಟೆಯ ಗಂಟೊಂದನ್ನು ಎದೆಗೆ ಅವಚಿಕೊಂಡಿದ್ದಳು. ಪಕ್ಕದಲ್ಲಿದ್ದ ಮೊಮ್ಮಗಳು ಸಿದ್ದಗಂಗಮ್ಮನಿಗೆ ನಾಚಿಕೆಯಾಗಿ ಗೋಡೆಯ ಕಡೆ ತಿರುಗಿದಳು. ಎಲ್ಲರೂ ಗಂಗೆ ಎಂದು ಕರೆಯುವ ಈ ಹುಡುಗಿಗೆ, ಅಜ್ಜಿಯನ್ನು ಒಪ್ಪಿಸಿ ಮಾಯಸಂದ್ರದ ಕಡೆಯಿಂದ ತುರುವೇಕೆರೆಯ ಈ ಸ್ಟುಡಿಯೋ ತನಕ ಕರೆತರಲು ಪೂರಾ ಎರಡು ತಿಂಗಳು ಹಿಡಿದಿತ್ತು. ಈಗ ಬಾಗಿಲಲ್ಲೇ ಜಗಳ.

ಫೋಟೊಗ್ರಾಫರ್ ಮೂಡಲಗಿರಿಯಪ್ಪ ಕನ್ನಡಕವನ್ನು ಹಣೆಗೇರಿಸಿಕೊಂಡು ನಕ್ಕ.

"ಮೂರುಕ್ಕೂ ಹೂಂ ಕಣಜ್ಜಿ. ನಾನು ಬೆಟ್ಟು ಕೂಡ ಸೋಕ್ಸಲ್ಲ."

"ನಂಬ್ಬೇಡಿ ಅಜ್ಜಿ!" ಕೆಳಗಿನ ಅಂಗಡಿಯಿಂದ ಟೈಲರ್ ಗೋವಿಂದಯ್ಯನ ದನಿ ಮೆಟ್ಟಿಲೇರಿ ಬಂತು. "ಫೋಟೊದಲ್ಲಿ ತಲೇಲಿ ಒಸಿ ಕೂದ್ಲು ಬರ್ಸಲಾ ಅಂದ್ರೆ, ನನ್ನ ಬೋಳ್ತಲೆ ಮ್ಯಾಲೆ ಮೋಡ ಬರ್ಸಿದಾನೆ ಅವ್ನು!"

"ಮೋಡ ಚೆನ್ನಾಗಿ ಬಂದವೋ ಇಲ್ವೋ ಅಷ್ಟು ಹೇಳ್ಲಾ!"

"ಮೋಡಕ್ಕೇನು, ರಾಜನಂಗೆ ಬಂದವೆ. ನಾನೇ ಸರ್ಯಾಗಿ ಬಂದಿಲ್ಲ."

ಗೋಡೆಯ ಕಡೆ ತಿರುಗಿದ್ದ ಗಂಗೆಗೆ ನಗು ತಡೆಯಲಾಗಲಿಲ್ಲ. ಅಜ್ಜಿ ಮಾತ್ರ ನಗಲಿಲ್ಲ. ಆದರೂ ಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದಳು.

ಒಳಗಿದ್ದದ್ದು ಕಟ್ಟು ಕಳಚಿದ, ಅಂಗೈಗಿಂತ ಸ್ವಲ್ಪ ದೊಡ್ಡದಾದ ಒಂದು ಕಪ್ಪು ಬಿಳುಪು ಫೋಟೊ. ಕೆಳಗಡೆ ಸೀರೆಯ ನೆರಿಗೆ, ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡ ಕೈಗಳು, ಕುರ್ಚಿಯ ಒಂದು ಕಾಲು ಚೆನ್ನಾಗಿಯೇ ಕಾಣುತ್ತಿದ್ದವು. ಕುತ್ತಿಗೆಯಿಂದ ಮೇಲೆ ಬರೀ ಕೆಂಪು. ಹಣೆಯ ಜಾಗದಲ್ಲಿ ಕುಂಕುಮ ಹಕ್ಕಳೆ ಕಟ್ಟಿತ್ತು. ಅಲ್ಲಿಂದ ನೀರಾಗಿ ಇಳಿದ ಬಣ್ಣ ಕಣ್ಣು, ಮೂಗು, ಬಾಯಿ ಎಲ್ಲವನ್ನೂ ದಾಟಿ ಗದ್ದದ ಹತ್ತಿರ ಒಣಗಿತ್ತು.

ಅದು ಗಂಗೆಯ ತಾಯಿ ರಾಮಕ್ಕ. ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು ಗಂಗೆಯನ್ನು ಹೆತ್ತ ಮೂರನೇ ದಿನ ತೀರಿಕೊಂಡಿದ್ದಳು. ಮುತ್ತೈದೆಯಾಗಿ ಹೋದ ಮಗಳಿಗೆ ತಿಮ್ಮಕ್ಕಜ್ಜಿ ಮಂಗಳವಾರ, ಶುಕ್ರವಾರ ತಪ್ಪದೆ ಕುಂಕುಮ ಇಡುತ್ತಿದ್ದಳು. ಮೊದಮೊದಲು ಗಾಜಿನ ಮೇಲೆ. ಗಂಗೆಗೆ ಮೂರು ವರ್ಷವಿದ್ದಾಗ ಗೋಡೆಗೆ ಸುಣ್ಣ ಹೊಡೆಯುವ ಗಡಿಬಿಡಿಯಲ್ಲಿ ಗಾಜು ಒಡೆಯಿತು. ಹೊಸದು ಹಾಕಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅವತ್ತಿನಿಂದ ಬೆರಳನ್ನು ನೀರಿಗದ್ದಿ, ಕುಂಕುಮಕ್ಕೊತ್ತಿ, ನೇರವಾಗಿ ಕಾಗದಕ್ಕೇ. ಹಬ್ಬದ ದಿನ ಅರಿಶಿನ ಬೇರೆ. ಹದಿನಾರು ವರ್ಷ.

ಮನೆಗೆ ಬಂದ ಹೆಂಗಸರು ಗಂಗೆಯನ್ನು ನೋಡಿ "ಥೇಟ್ ರಾಮಕ್ಕನೇ ಕಣ್ರೀ" ಅನ್ನುತ್ತಿದ್ದರು. ಅದೇ ಜಗಲಿಯಲ್ಲಿ ಇನ್ನೊಬ್ಬರು "ಎಲ್ಲಿ ಬಂತು, ಅವ್ಳ ಕಳೆಯೇ ಬ್ಯಾರೆ" ಅನ್ನುತ್ತಿದ್ದರು. ಗಂಗೆ ಒಳಗೆ ಹೋಗಿ ಕನ್ನಡಿ ನೋಡಿಕೊಳ್ಳುತ್ತಿದ್ದಳು. ಕನ್ನಡಿಯಲ್ಲಿದ್ದದ್ದು ಗಂಗೆಯೇ. ಆ ಮುಖದಲ್ಲಿ ಅವ್ವನದು ಯಾವುದು ಎಂದು ಖಚಿತವಾಗಿ ಹೇಳಬಲ್ಲವಳು ಅಜ್ಜಿಯೊಬ್ಬಳೇ. ಅವಳೋ ಕೇಳಿದಾಗೆಲ್ಲ ಮಾತು ತಿರುಗಿಸುತ್ತಿದ್ದಳು. ಈ ವರ್ಷ ಅಜ್ಜಿಯ ಎರಡೂ ಕಣ್ಣಿಗೆ ಪೊರೆ ಬರತೊಡಗಿತ್ತು. ಇನ್ನೊಂದೆರಡು ವರ್ಷಕ್ಕೆ ಆ ಫೋಟೊ ಹೇಗೋ ಚೊಕ್ಕಟವಾದರೂ ಇವಳೇ ಎಂದು ಗುರುತಿಸುವವರು ಇರುವುದಿಲ್ಲ ಎನ್ನುವುದು ಗಂಗೆಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ತೊಳೆಯುವ ಮಾತೂ ಆಗಿತ್ತು. ಪಕ್ಕದ ಮನೆ ಭೈರಮ್ಮ ತನ್ನ ಮಾವನ ಫೋಟೊವನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಹೋಗಿ, ಮಾವನ ಮೂಗು ಬಟ್ಟೆಗೆ ಅಂಟಿಕೊಂಡು ಬಂದಿತ್ತು. ಅಜ್ಜಿಗೆ ಅದಕ್ಕಿಂತ ದೊಡ್ಡ ಕಾರಣವಿತ್ತು. "ಮುತ್ತೈದೆ ಕುಂಕ್ಮ ಒರೆಸ್ತಾರೇನೇ? ಯಾವ ಬಾಯಲ್ಲಿ ಆಡ್ತೀಯೆ ಈ ಮಾತ?" ಎಂದು ಎರಡು ದಿನ ಮೊಮ್ಮಗಳ ಜೊತೆ ಮಾತು ಬಿಟ್ಟಿದ್ದಳು.

ಗಂಗೆಗೆ ಮೂಡಲಗಿರಿಯಪ್ಪನ ನೆನಪಾದದ್ದು ಹೈಸ್ಕೂಲಿನ ಗುಂಪು ಫೋಟೊದಿಂದ. ಬೇರೆಯವರು ತೆಗೆದ ಫೋಟೊಗಳಲ್ಲಿ ತೆಂಗಿನ ತೋಟವೆಂದರೆ ಮಸಿ ಬಳಿದ ಗೋಡೆ, ಆಕಾಶವೆಂದರೆ ಖಾಲಿ ಹಾಳೆ. ಇವನು ತೆಗೆದದ್ದರಲ್ಲಿ ಹುಡುಗಿಯರ ತಲೆಯ ಹಿಂದೆ ಒಂದೊಂದು ಗರಿಯೂ ಬಿಡಿಬಿಡಿಯಾಗಿ, ಅದರ ಮೇಲೆ ಬಿಳಿ ಮೋಡಗಳು ರಾಶಿರಾಶಿಯಾಗಿ. ಯಾರೋ ಆ ಮನುಷ್ಯನ ಹತ್ತಿರ ಬಣ್ಣದ ಗಾಜುಗಳಿವೆಯಂತೆ ಎಂದಿದ್ದರು.

ಇದ್ದವು. ಮೂಡಲಗಿರಿಯಪ್ಪ ಬೀರುವಿನಿಂದ ಹಿತ್ತಾಳೆಯ ಪೆಟ್ಟಿಗೆಯೊಂದನ್ನು ತಂದಿಟ್ಟ.

"ಎಲಡ್ಕೆ ಹಾಕ್ಕಂಡು ಶುರು ಮಾಡ್ತೀಯೇನಪ್ಪ?" ಎಂದಳು ಅಜ್ಜಿ. ಅದು ಎಲೆ ಅಡಿಕೆ ಪೆಟ್ಟಿಗೆಯೇ. ಆದರೆ ಸುಣ್ಣ, ಅಡಿಕೆ, ಲವಂಗ ಇರಬೇಕಾದ ಮನೆಗಳಲ್ಲಿ ಹತ್ತಿಯ ಮೇಲೆ ದುಂಡನೆಯ ಗಾಜುಗಳು ಮಲಗಿದ್ದವು. ಹಳದಿ, ಕಿತ್ತಳೆ, ಹಸಿರು, ಕೆಂಪು. ಒಂದೊಂದಕ್ಕೂ ಸುತ್ತ ತೆಳ್ಳನೆಯ ತಗಡಿನ ಬಳೆ.

ಗಂಗೆ ಬಾಗಿ ನೋಡಿದಳು. ಆ ಹುಡುಗಿಯ ಮುಖ ನೋಡಿಯೇ ಮೂಡಲಗಿರಿಯಪ್ಪನಿಗೆ ಹುರುಪು ಬಂತು. ಈ ಊರಲ್ಲಿ ಈ ಗಾಜುಗಳ ಬಗ್ಗೆ ಯಾರೂ ಅವನನ್ನು ಒಂದು ಮಾತು ಕೇಳಿದ್ದಿಲ್ಲ.

"ಈ ಹಳದಿ ತಕ್ಕ, ಕಿಟಕಿಯಿಂದಾಚೆ ನೋಡು. ಆಕಾಶದ ನೀಲಿ ಒಸಿ ಕಪ್ಪಾಗ್ತದೆ, ಮೋಡ ಎದ್ದು ನಿಲ್ತದೆ. ಗೋವಿಂದಯ್ಯನ ತಲೆ ಮ್ಯಾಲೆ ನಿಂತಿದ್ದು ಇದೇ. ಹಸ್ರು ಗಾಜು ಹಸ್ರನ್ನ ಒಳೀಕ್ ಬುಡ್ತದೆ, ಅದುಕ್ಕೇ ತೆಂಗಿನ ಗರಿ ಬೆಳ್ಳುಗೆ ಬಿಡಿಸ್ಕಂಡು ಬರ್ತವೆ. ಇದು ಕಿತ್ತಳೆ. ಮದ್ವೆ ಹೆಣ್ಣಿಗೆ ಮೊಡವೆ ಎದ್ದಿರ್ತವಲ್ಲ, ಇದು ಹಾಕುದ್ರೆ ಅರ್ಧ ಮಾಯ. ಗಂಡಿನ ಕಡೆಯೋರು ನನ್ನ ಬಯ್ಕಂಡಿರ್ಬೇಕು."

"ಕೆಂಪುದ್ರಲ್ಲಿ ಏನಾಗ್ತದೆ ಸಾರ್?"

"ಅದ್ರ ಕಥೆ ಕೇಳ್ಬೇಡ. ತಿಪಟೂರ್ನಲ್ಲಿ ಕೊಬ್ರಿ ಮಂಡಿ ಸಾವ್ಕಾರ್ರು ಹೊಸಾ ಮನೆ ಕಟ್ಸಿದ್ರು. ಕೆಂಪು ಗಾಜು ಹಾಕಿ ತೆಗ್ದೆ. ಮನೆ ಅಂದ್ರೆ ಅರಮನೆ, ಅಂಗೆ ಬಂತು. ಆದ್ರೆ ಹಿಂದ್ಗಡೆ ಆಕಾಶ ಕಾಡಿಗೆ ಕಪ್ಪು. ನನ್ನ ಮನೆ ಮ್ಯಾಲೆ ಸಿಡ್ಲು ಹೊಡೆಯಂಗೆ ತೆಗ್ದಿದೀಯಲ್ಲೋ ಅಂತ ಫೋಟೊ ಎಸೆದ್ರು. ಅವತ್ತಿಂದ ಇದು ಸುಮ್ನೆ ಮಲ್ಗೈತೆ."

ಮಾತಾಡುತ್ತಲೇ ಕೆಂಪು ಗಾಜನ್ನು ಕಣ್ಣಿಗೆ ಹಿಡಿದು ಬೆಂಚಿನ ಮೇಲಿನ ಫೋಟೊದ ಕಡೆ ಬಾಗಿದ. ಬಾಗಿದವನು ಹಾಗೇ ನಿಂತ.

"ಏನ್ ಸಾರ್?"

"ಕುಂಕ್ಮದ ಅಡೀಲಿ ಫೋಟೊದ ಕಪ್ಪು ಉಳ್ದಿದ್ರೆ ಮಾತ್ರ ಮುಖ ಸಿಗ್ತದೆ ಅಂದ್ಕಂಡಿದ್ದೆ. ಉಳ್ದೈತೆ. ಕಾಗದವೇ ಕೊಳ್ತೋಗಿದ್ರೆ ಯಾವ ಗಾಜೂ ಏನೂ ಮಾಡಕ್ಕಾಗಲ್ಲ." ಗಾಜನ್ನು ಅವಳ ಕೈಗಿಟ್ಟ. "ಬೆಳಕಿಗೆ ಬೆನ್ನು ಕೊಟ್ಟು ನೋಡವ್ವ. ಇನ್ನೊಂದು ಕಣ್ಣು ಮುಚ್ಕ."

ಗಂಗೆ ನೋಡಿದಳು. ಇಡೀ ಕೋಣೆ ಕೆಂಪಾಯಿತು. ಫೋಟೊದ ಬಿಳಿ ಅಂಚೂ ಕೆಂಪು, ಕುಂಕುಮವೂ ಕೆಂಪು. ಎರಡೂ ಒಂದೇ ಬಣ್ಣವಾಗಿ ಕುಂಕುಮ ಎಲ್ಲಿದೆಯೆಂದೇ ತಿಳಿಯಲಿಲ್ಲ. ಅದು ಇದ್ದ ಜಾಗದಿಂದ, ಕೆರೆಯ ನೀರು ತಿಳಿಯಾದಾಗ ತಳದ ಕಲ್ಲು ಕಾಣುವ ಹಾಗೆ, ಎರಡು ಕಣ್ಣು ಮೇಲೆ ಬಂದವು.

"ಅಜ್ಜೀ," ಅಂದಳು. ಗಾಜು ತೆಗೆದಳು, ಕಣ್ಣು ಮುಳುಗಿದವು. ಗಾಜು ಹಿಡಿದಳು, ಬಂದವು. ತೆಗೆದಳು, ಹಿಡಿದಳು.

"ಕೊಡೇ ಇಲ್ಲಿ," ಎಂದು ಅಜ್ಜಿ ಕಿತ್ತುಕೊಂಡಳು. ಹತ್ತಿರ, ದೂರ, ಓರೆ, ಎಲ್ಲ ಥರ ಹಿಡಿದು ನೋಡಿದಳು. ಪೊರೆ ಬಂದ ಕಣ್ಣಿಗೆ ಆ ಗಾಜಿನೊಳಗೆ ಕತ್ತಲೆ ಬಿಟ್ಟು ಏನೂ ಇರಲಿಲ್ಲ. "ಏನೂ ಇಲ್ವಲ್ಲೇ. ನನ್ನ ಆಟ ಆಡುಸ್ತಿದೀರಾ ಇಬ್ರೂ ಸೇರ್ಕಂಡು?"

"ನಿಮ್ಗೆ ಕಾಣೋ ಥರ ದೊಡ್ಡದು ಮಾಡ್ಕೊಡ್ತೀನಿ ಕಣಜ್ಜಿ," ಎಂದ ಮೂಡಲಗಿರಿಯಪ್ಪ. "ಇದೇ ಗಾಜು ಕ್ಯಾಮ್ರಾಕ್ಕೆ ಹಾಕಿದ್ರೆ ಫಿಲಮ್ಮಿಗೂ ಕುಂಕ್ಮ ಕಾಣಕ್ಕಿಲ್ಲ. ಅದುಕ್ಕೆ ಕಾಗದವೂ ಒಂದೇ, ಕುಂಕ್ಮವೂ ಒಂದೇ. ನೀವಿಟ್ಟಿದ್ದು ನೀವಿಟ್ಟಂಗೇ ಇರ್ತದೆ, ಒಂದು ಪುಡಿ ಉದ್ರಲ್ಲ."

ಮಾತು ಕೊಟ್ಟಂತೆ ಅವನು ಫೋಟೊ ಮುಟ್ಟಲಿಲ್ಲ. ಕಿಟಕಿಯ ಮುಂದೆ ಹಲಗೆ ನಿಲ್ಲಿಸಿದ. ಅಜ್ಜಿಯೇ ಫೋಟೊ ಇಟ್ಟು ಅಂಚಿಗೆ ನಾಲ್ಕು ಪಿನ್ನು ಒತ್ತಿದಳು, ಪಕ್ಕದಲ್ಲೇ ಮುಕ್ಕಾಲಿ ಹಾಕಿಕೊಂಡು ಕಾವಲು ಕೂತಳು. ಅವನು ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಕೂರಿಸಿ, ಬಿಳಿ ಪಂಚೆಯೊಂದನ್ನು ಎದುರಿಗೆ ಇಳಿಬಿಟ್ಟು ಬೆಳಕನ್ನು ಎರಡೂ ಕಡೆಗೆ ಸಮ ಮಾಡಿ, ಲೆನ್ಸಿನ ಬಾಯಿಗೆ ಕೆಂಪು ಗಾಜನ್ನು ತಿರುಗಿಸಿದ. ಅವನ ಬೆರಳುಗಳು ದಪ್ಪ, ಉಗುರಿನ ತುದಿ ಫೋಟೊ ತೊಳೆಯುವ ಔಷಧಿಯಿಂದ ಕಂದಾಗಿತ್ತು. ಆದರೆ ಆ ಗಾಜನ್ನು ಹಿಡಿಯುವಾಗ ಹಕ್ಕಿಮರಿ ಹಿಡಿದ ಹಾಗೆ ಹಿಡಿಯುತ್ತಿದ್ದ. ಗಂಗೆ ಕಣ್ಣು ಮಿಟುಕಿಸದೆ ನೋಡಿದಳು. ಕೆಲಸ ಬಲ್ಲವರ ಕೈ ಇಷ್ಟು ನಿಧಾನವಾಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಈ ಗಾಜು ಬೆಳಕಿನ ಎಂಟು ಪಾಲಲ್ಲಿ ಒಂದು ಪಾಲು ಒಳೀಕ್ ಬುಡ್ತದೆ ಅಷ್ಟೇ. ಅದುಕ್ಕೆ ಕ್ಯಾಮ್ರಾದ ಬಾಗ್ಲು ಎಂಟು ಎಣಿಸೋವರ್ಗೂ ತೆಗ್ದಿರ್ಬೇಕು. ಅಷ್ಟೊತ್ತೂ ಏನೂ ಅಲ್ಲಾಡ್ಬಾರ್ದು."

ಅಷ್ಟರಲ್ಲಿ ಮರದ ಅಟ್ಟ ಗಡಗಡ ನಡುಗಿತು. ಕೆಳಗೆ ಗೋವಿಂದಯ್ಯ ಹೊಲಿಗೆ ಯಂತ್ರ ತುಳಿಯುತ್ತಿದ್ದ.

"ಲೇ ಗೋವಿಂದ! ಕಾಲು ಎತ್ಲಾ ಒಸಿ!"

"ಮದ್ವೆ ಜಾಕೀಟು ಕಣ್ಲಾ! ನಾಳೀಕೆ ಕೊಡ್ಬೇಕು!"

"ಎಂಟು ಎಣಿಸೋವರ್ಗೂ ಅಷ್ಟೇ!"

"ನೀನು ಎಣ್ಸೋ ಎಂಟರಲ್ಲಿ ನನ್ನ ಗಿರಾಕಿಗೆ ಮಗು ಆಗಿರ್ತದೆ!" ಆದರೂ ಸದ್ದು ನಿಂತಿತು.

ಮೂಡಲಗಿರಿಯಪ್ಪ ಕ್ಯಾಮೆರಾದ ತಂತಿಯ ತುದಿಯ ಗುಂಡಿ ಒತ್ತಿ ಮೆಲ್ಲಗೆ ಎಣಿಸಿದ. ಯಾರೂ ಹೇಳದಿದ್ದರೂ ಅಜ್ಜಿ ಉಸಿರು ಬಿಗಿಹಿಡಿದಿದ್ದಳು. ಎಂಟು ಎಂದಾಗ ಬುಸ್ಸೆಂದು ಬಿಟ್ಟಳು. ಹೀಗೆ ನಾಲ್ಕು ಸಲ. ನಾಲ್ಕನೆಯದರ ಹೊತ್ತಿಗೆ ಗೋವಿಂದಯ್ಯ ಕೆಳಗಿನಿಂದ ತಾನೇ ಜೋರಾಗಿ ಎಣಿಸುತ್ತಿದ್ದ.

ಮುಂದಿನ ವಾರ ಅಜ್ಜಿ ಮೊಮ್ಮಗಳು ಬಂದಾಗ ಬೆಂಚಿನ ಮೇಲೆ ಅಗಲವಾದ ಒಂದು ಪ್ರಿಂಟು ಬೋರಲಾಗಿ ಮಲಗಿತ್ತು. ಮೂಡಲಗಿರಿಯಪ್ಪ ಒಗೆದ ಅಂಗಿ ಹಾಕಿಕೊಂಡಿದ್ದ. ಇಬ್ಬರನ್ನೂ ಹತ್ತಿರ ಕರೆದು ಪ್ರಿಂಟನ್ನು ತಿರುಗಿಸಿದ.

ಕೆಂಪಿಲ್ಲ. ಅರಿಶಿನದ ಕಲೆಯಿಲ್ಲ. ಹರಿದಿಳಿದ ಬಣ್ಣದ ಒಂದು ಗೆರೆಯಿಲ್ಲ. ಒಬ್ಬಳು ಹುಡುಗಿ ಕೂತಿದ್ದಳು. ಅಗಲ ಮೂಗು. ಒಂದು ಹುಬ್ಬು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಮೇಲೆ. ತುಟಿಗಳನ್ನು ಒಳಗೆ ಎಳೆದುಕೊಂಡು ಬಿಗಿದಿದ್ದಳು, ಇನ್ನೇನು ನಗು ಹಾರಿಬಿಡುತ್ತದೆ ಎನ್ನುವ ಹಾಗೆ.

ಗಂಗೆ ತನ್ನ ಮುಖವನ್ನು ಹುಡುಕಿಕೊಂಡು ಬಂದಿದ್ದಳು. ಆ ಮೂಗು ತನ್ನದಲ್ಲ, ಗದ್ದವೂ ಅಲ್ಲ. ಅದಕ್ಕಿಂತ ಬೇರೊಂದು ಅವಳನ್ನು ಹಿಡಿದು ನಿಲ್ಲಿಸಿತು. ಈ ಹುಡುಗಿ ತನಗಿಂತ ಚಿಕ್ಕವಳು. ರಸ್ತೆಯಲ್ಲಿ ಸಿಕ್ಕಿದರೆ ತಾನು "ಏನೇ" ಎಂದು ಕೂಗಬಹುದಾದಷ್ಟು ಚಿಕ್ಕವಳು.

"ಹೆಂಗೈತೆ?" ಮೂಡಲಗಿರಿಯಪ್ಪನಿಗೆ ತಡೆಯಲಾಗಲಿಲ್ಲ.

"ಸಾರ್, ಇದು..." ಗಂಗೆ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. "ಹೆಂಗ್ ಸಾರ್ ಇದು?"

ಅವನು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿಕೊಂಡ. ಈ ಕೆಲಸದ ಇಪ್ಪತ್ತು ವರ್ಷದಲ್ಲಿ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ.

ಅಜ್ಜಿ ಪ್ರಿಂಟನ್ನು ಕಿಟಕಿಯ ಹತ್ತಿರ ಕೊಂಡೊಯ್ದು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಮುಖವನ್ನು ಸರಿಸುತ್ತಾ ನೋಡಿದಳು.

"ಬೊಟ್ಟೆಲ್ಲಯ್ಯ?"

ಮೂಡಲಗಿರಿಯಪ್ಪನ ನಗು ಮುಖದ ಮೇಲೇ ಉಳಿಯಿತು.

"ಹಣೆ ಬರಿದು ಮಾಡಿದ್ಯಲ್ಲಪ್ಪ ನನ್ನ ಮಗಳ್ದು! ಒರೆಸಂಗಿಲ್ಲ ಅಂದಿದ್ದೆ!"

"ಒರೆಸಿಲ್ಲ ಕಣಜ್ಜಿ, ನಿಮ್ಮ ಫೋಟೊ ನಿಮ್ಮ ಹತ್ರನೇ..."

"ಬಟ್ಟೇಲಿ ಒರೆಸ್ಲಿಲ್ಲ. ಗಾಜಲ್ಲಿ ಒರೆಸ್ದೆ. ಮುತ್ತೈದೆಯಾಗಿ ಹೋದೋಳು ಅವ್ಳು. ಇದ್ನ ನನ್ನ ಗೋಡೇಗೆ ಹಾಕ್ಲಾ? ನಡಿಯೇ ಗಂಗೆ."

ಅವನು ಪ್ರಿಂಟನ್ನು ತೆಗೆದುಕೊಂಡು ನೋಡಿದ. ವಾರವೆಲ್ಲ ಅದೇ ಮುಖವನ್ನು ನೋಡಿದ್ದ. ಕಣ್ಣಿನ ರೆಪ್ಪೆ ಸ್ಪಷ್ಟವಾಯಿತೆ, ತುಟಿಯಂಚು ಸಿಕ್ಕಿತೆ ಎಂದು ಒಂದೊಂದನ್ನೂ ನೋಡಿದ್ದ. ಹಣೆ ಚೊಕ್ಕಟವಾಗಿ ಬಂದಿದೆಯೆಂದು ಹಿಗ್ಗಿದ್ದ ಕೂಡ. ಫೋಟೊ ತೆಗೆಸಿದ ದಿನ ರಾಮಕ್ಕನ ಹಣೆಯಲ್ಲಿದ್ದ ಬೊಟ್ಟು ಹದಿನಾರು ವರ್ಷದ ಹಕ್ಕಳೆಯ ಅಡಿಯಲ್ಲಿತ್ತು. ಕಣ್ಣು ಮೂಗಿನ ಮೇಲಿನ ತೆಳು ಬಣ್ಣವನ್ನು ದಾಟಿದ ಗಾಜು ಹಣೆಯ ದಪ್ಪ ಹಕ್ಕಳೆಯನ್ನು ಬರೀ ಬಿಳಿ ಮಾಡಿತ್ತು, ಅದರಡಿಯ ಬೊಟ್ಟನ್ನು ತೋರಿಸಿರಲಿಲ್ಲ.

"ತಪ್ಪಾಯ್ತು ಕಣಜ್ಜಿ," ಎಂದ. "ನನ್ನ ತಲೆಗೆ ಬರ್ಲೇ ಇಲ್ಲ ಅದು. ಒಂದು ಗಳಿಗೆ ಕೂತ್ಕಳಿ. ಕಪ್ಪು ಶಾಯಿ ಐತೆ, ಕುಂಚ ಐತೆ. ಕಪ್ಪು ಬಿಳುಪು ಫೋಟೊದಲ್ಲಿ ಕುಂಕ್ಮ ಕಪ್ಪಾಗೇ ಅಲ್ವಾ ಬರಾದು. ಈಗ್ಲೇ ಇಡ್ತೀನಿ."

ಬಟ್ಟಲಲ್ಲಿ ಶಾಯಿ ಕಲೆಸಿ, ನಾಲ್ಕೈದು ಕೂದಲಿನ ಸಣ್ಣ ಕುಂಚವನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಬಾಗಿದ.

"ಏಯ್! ನಿಲ್ಸು!"

ಕುಂಚ ಗಾಳಿಯಲ್ಲೇ ನಿಂತಿತು.

"ಪರಗಂಡಸು ನೀನು. ನನ್ನ ಮಗಳ ಹಣೆಗೆ ನೀನಿಡಾದುಂಟೇ?"

ಮೂಡಲಗಿರಿಯಪ್ಪ ಹಾವು ತುಳಿದವನಂತೆ ಹಿಂದೆ ಸರಿದ. ಕೆಂಪಾದ ಮುಖದಲ್ಲಿ ಕುಂಚವನ್ನು ಅಜ್ಜಿಯ ಕಡೆ ಚಾಚಿದ. ಅಜ್ಜಿ ಅದನ್ನು ಹಿಡಿದಳು. ಆದರೆ ಹಣೆ ಎಲ್ಲಿ ಮುಗಿದು ಹುಬ್ಬು ಎಲ್ಲಿ ಶುರುವೆಂದು ಅವಳ ಕಣ್ಣಿಗೆ ಹತ್ತಲಿಲ್ಲ. ಕುಂಚವನ್ನು ಮೊಮ್ಮಗಳ ಕಡೆ ನೀಡಿದಳು.

"ನೀನಿಡು."

"ನಾನಾ? ಕೆಟ್ಟೋದ್ರೆ ಅಜ್ಜಿ?"

"ಕೆಡಲ್ಲ ಬಾವ್ವ," ಎಂದ ಮೂಡಲಗಿರಿಯಪ್ಪ. ಹಾಳಾದ ಪ್ರಿಂಟೊಂದನ್ನು ಅವಳ ಮುಂದಿಟ್ಟ. "ಇದ್ರ ಮ್ಯಾಲೆ ಇಟ್ಟು ಕಲ್ತುಕ. ಎಳೀಬೇಡ. ತುದಿ ಸೋಕ್ಸು, ಮೇಲೆತ್ತು. ಶಾಯಿ ತಾನೇ ದುಂಡುಗೆ ಕೂತ್ಕತದೆ."

ಗಂಗೆ ಇಟ್ಟಳು. ಮೊದಲನೆಯದು ಬಾಲ ಬಿಟ್ಟಿತು. ಐದನೆಯದು ದುಂಡಗಾಯಿತು. ಇನ್ನೂ ನಾಲ್ಕು ಇಟ್ಟು ನೋಡಿ, ನಿಜವಾದ ಪ್ರಿಂಟಿನ ಮುಂದೆ ಕೂತಳು.

"ಎಲ್ಲಿಗೆ ಇಡ್ಲಿ ಅಜ್ಜಿ? ಹುಬ್ಬಿನ ಮಧ್ಯಕ್ಕಾ?"

"ಅಲ್ಲ ಕಣೇ, ಮೇಲೀಕೆ." ಅಜ್ಜಿ ತನ್ನ ಹಣೆಯನ್ನೇ ಮುಟ್ಟಿ ತೋರಿಸಿದಳು. "ಮಧ್ಯದಲ್ಲಿ ಒಂದು ಗಾಯ ಆಗಿತ್ತು. ಎಮ್ಮೆ ಕರ ನೂಕಿ ಕಲ್ಲಿನ ಮ್ಯಾಲೆ ಬಿದ್ದಿದ್ಲು. ಅಲ್ಲಿಟ್ರೆ ಉರೀತದೆ ಅಂತ ಮೇಲಿಟ್ಕತಿದ್ಲು. ಗಾಯ ಮಾಯ್ದು ಎಷ್ಟು ವರ್ಷ ಆದ್ರೂವೆ, ಉರೀತದೆ ಅನ್ನಳು."

ಗಂಗೆ ತಲೆ ಎತ್ತಿದಳು. ಈ ಎಮ್ಮೆ ಕರುವಿನ ಮಾತನ್ನು ಹತ್ತೊಂಬತ್ತು ವರ್ಷದಲ್ಲಿ ಕೇಳಿರಲಿಲ್ಲ.

"ಎಷ್ಟು ದಪ್ಪ ಇಡ್ಲಿ?"

"ದಿನಾ ಸಣ್ಣುಕೆ ಇಡಾಳು. ಅವತ್ತು ಮಾತ್ರ ಕಾಸಿನಗಲ. ಫೋಟೊದೋನು ಊರಿಗೆ ಬಂದವ್ನೆ ಅಂತ ನಾನೇ ಎಳ್ಕಂಡು ಹೋಗಿ ಇಟ್ಟಿದ್ದು. ಇದೇನವ್ವ ಗಾಡಿ ಚಕ್ರ ಇಟ್ಟಿದೀಯ ಅಂತ ಅವ್ಳು ನಗಾಕೆ ಸುರು ಮಾಡುದ್ಲು. ನಗಬ್ಯಾಡ ಕಣೇ, ಫೋಟೊ ಕೆಡ್ತದೆ ಅಂತ ಗದರುಸ್ದೆ. ಅದುಕ್ಕೇ ನೋಡು, ತುಟಿ ಹಂಗೆ ಕಚ್ಕಂಡು ಕುಂತವ್ಳೆ." ಅಜ್ಜಿ ಮೊಮ್ಮಗಳ ಕಡೆ ತಿರುಗಿದಳು. "ನೀನು ಹೊಟ್ಟೇಲಿ ಐದು ತಿಂಗ್ಳು."

"ಇದ್ನೆಲ್ಲ ಯಾಕಜ್ಜಿ ನಂಗೆ ಹೇಳ್ಲಿಲ್ಲ? ಎಷ್ಟು ಸಲ ಕೇಳಿದೀನಿ!"

ಅಜ್ಜಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನೆಪ್ಪಿಗೆ ಬರ್ತಿರ್ಲಿಲ್ಲ ಕಣೇ. ಕಣ್ಮುಚ್ಚಿದ್ರೆ ನಂಗೂ ಕೆಂಪೇ ಕಾಣ್ತಿತ್ತು. ಯಾರ ಹತ್ರ ಹೇಳ್ಕಳ್ಲಿ? ಹೆತ್ತೋಳಿಗೆ ಮಗಳ ಮುಖ ಮರ್ತೋಗೈತೆ ಅಂತ."

ಮೂಡಲಗಿರಿಯಪ್ಪ ಕಿಟಕಿಯಿಂದಾಚೆ ನೋಡುತ್ತಾ ನಿಂತಿದ್ದ. ಅಲ್ಲಿಂದಲೇ ಮೆಲ್ಲಗೆ ಹೇಳಿದ. "ಕಾಸಿನಗಲ ಅಂದ್ರೆ, ಈ ಪ್ರಿಂಟಿನ ಲೆಕ್ಕಕ್ಕೆ ತೊಗ್ರಿ ಕಾಳಷ್ಟು ಕಣವ್ವ."

ಗಂಗೆ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು. ಹುಬ್ಬಿನ ಮಧ್ಯದಿಂದ ಒಂದೆಳೆ ಮೇಲೆ, ಕುಂಚದ ತುದಿಯನ್ನು ಸೋಕಿಸಿದಳು, ಎತ್ತಿದಳು. ಶಾಯಿ ತಾನೇ ದುಂಡಗೆ ಕೂತಿತು.

"ಆಯ್ತೇನೇ?"

"ಆಯ್ತಜ್ಜಿ. ಮುಟ್ಬೇಡ, ಇನ್ನೂ ಹಸಿ."

ಬೀದಿಯಲ್ಲಿ ಬಸ್ಸೊಂದು ಹಾದು ಕಿಟಕಿಯೊಳಗೆ ಧೂಳಿನ ಒಂದು ಎಳೆ ತೇಲಿ ಬಂತು. ತಿಮ್ಮಕ್ಕಜ್ಜಿ ಎದ್ದು ಬೆಂಚಿನ ಮೇಲೆ ಬಾಗಿ, ಸೆರಗನ್ನು ಎರಡೂ ಕೈಯಿಂದ ಅಗಲಕ್ಕೆ ಬಿಡಿಸಿ, ಆ ಮುಖದ ಮೇಲೆ ಒಂದು ಗೇಣು ಎತ್ತರದಲ್ಲಿ ನೆರಳಾಗಿ ಹಿಡಿದಳು. ಬೊಟ್ಟು ಆರುವ ತನಕ ಹಾಗೇ ಹಿಡಿದಿದ್ದಳು.